ಉದ್ಯಮಶಿಲ್ಪಿ ಜಮ್‌ಷೆಡ್‌ಜಿ ಟಾಟಾ

ಬೆಂಗಳೂರಿನ ಬಸವನಗುಡಿಯಿಂದ ಕೃಷ್ಣರಾಜೇಂದ್ರ ರಸ್ತೆಯಲ್ಲಿ ದಕ್ಷಿಣದ ಕಡೆಗೆ ಸಾಗಿದರೆ ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆ ಸಿಗುತ್ತದೆ. ಅಲ್ಲಿ ಇಂದು ಹಿಪ್ಪುನೇರಳೆಯ ತೋಟವಿಲ್ಲ. ರೇಷ್ಮೆಹುಳು ಸಾಕುವ ಮನೆಗಳಿಲ್ಲ. ಕಟ್ಟಡಗಳ ಸಾಲು, ಅಂಗಡಿಗಳು, ವಾಹನಗಳ ಸಂದಣಿ ಇವೇ ಕಣ್ಣಿಗೆ ಬೀಳುತ್ತವೆ. ಆದರೂ ಹೆಸರು ಮಾತ್ರ ಅಳಿಯದೆ ಉಳಿದಿದೆ. ಇದೇ ನಗರದ ಉತ್ತರ ದಿಕ್ಕಿನಲ್ಲಿ, ಮಲ್ಲೇಶ್ವರದ ಆಚೆಗೆ, ಮರಗಳ ನೆರಳಿನಲ್ಲಿ ವಿಸ್ತಾರವಾಗಿ ಹರಡಿರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳೆಯ ತಲೆಮಾರಿನ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದರು. ಹೀಗೆ ನಗರದ ಎರಡು ದಿಕ್ಕುಗಳಲ್ಲಿ ಒಬ್ಬನೇ ವ್ಯಕ್ತಿಯ ಹೆಸರು ನೆಲೆಗೊಂಡಿದೆ. ಆ ವ್ಯಕ್ತಿ ಬೆಂಗಳೂರಿನಲ್ಲಿ ಹುಟ್ಟಿದವರಲ್ಲ, ಇಲ್ಲಿ ನೆಲೆಸಿದವರೂ ಅಲ್ಲ. ಗುಜರಾತಿನ ಒಂದು ಸಣ್ಣ ಊರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದು, ನಾಗಪುರದಲ್ಲಿ ಗಿರಣಿ ಕಟ್ಟಿದ ಜಮ್‌ಷೆಡ್‌ಜಿ ನಸರವಾನ್‌ಜಿ ಟಾಟಾ ಅವರು ನಮ್ಮ ನಾಡಿನ ರೇಷ್ಮೆಯತ್ತ ಏಕೆ ದೃಷ್ಟಿ ಹರಿಸಿದರು? ಈ ಪ್ರಶ್ನೆಗೆ ಉತ್ತರ ಅವರ ಇಡೀ ಬಾಳಿನಲ್ಲಿ ಹರಡಿಕೊಂಡಿದೆ. ಮಾರುವ ಸರಕು ನಂಬಿಕೆಗೆ ಅರ್ಹವಾಗಿರಬೇಕು, ಆ ಅರ್ಹತೆಯನ್ನು ಮೊದಲ ಹಂತದಿಂದಲೇ ಕಾಪಾಡಿಕೊಂಡು ಬರಬೇಕು ಎಂಬ ಪಾಠವನ್ನು ಅವರು ಕಷ್ಟನಷ್ಟಗಳ ನಡುವೆ ಕಲಿತವರು.

ಜಮ್‌ಷೆಡ್‌ಜಿಯವರು 1839ನೆಯ ಮಾರ್ಚ್ 3ರಂದು ನವಸಾರಿಯಲ್ಲಿ ಜನಿಸಿದರು. ತಂದೆ ನಸರವಾನ್‌ಜಿ, ತಾಯಿ ಜೀವನ್‌ಬಾಯಿ. ಅವರದು ಪಾರಸಿ ಪುರೋಹಿತರ ಮನೆತನ. ತಲೆಮಾರುಗಳಿಂದ ಬಂದ ಪೌರೋಹಿತ್ಯವನ್ನು ಬಿಟ್ಟು ವ್ಯಾಪಾರಕ್ಕೆ ಕೈಹಾಕಿದವರಲ್ಲಿ ಆ ಮನೆತನದಲ್ಲಿ ನಸರವಾನ್‌ಜಿಯವರೇ ಮೊದಲಿಗರು. ಅವರು ಮುಂಬಯಿಗೆ ಹೋಗಿ ವ್ಯಾಪಾರ ಹೂಡಿದರು. ಹದಿಮೂರನೆಯ ವಯಸ್ಸಿನಲ್ಲಿ ಬಾಲಕ ಜಮ್‌ಷೆಡ್‌ಜಿ ತಂದೆಯನ್ನು ಸೇರಿಕೊಂಡನು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದನು. ಓದಿನಲ್ಲಿ ಅವನಿಗಿದ್ದ ಆಸಕ್ತಿ ಕೊನೆಯವರೆಗೂ ಬತ್ತಲಿಲ್ಲ. ವ್ಯಾಪಾರದ ಲೆಕ್ಕಪುಸ್ತಕಗಳ ನಡುವೆಯೂ ಸಾಹಿತ್ಯ, ವಿಜ್ಞಾನಗಳ ಗ್ರಂಥಗಳಿಗೆ ಅವರು ಬಿಡುವು ಮಾಡಿಕೊಳ್ಳುತ್ತಿದ್ದರು.

ವಿದ್ಯಾಭ್ಯಾಸ ಮುಗಿದ ಮೇಲೆ ತಂದೆಯ ವ್ಯಾಪಾರಕ್ಕೆ ಸೇರಿದ ತರುಣನನ್ನು 1859ರಲ್ಲಿ ಹಾಂಗ್‌ಕಾಂಗಿಗೆ ಕಳುಹಿಸಲಾಯಿತು. ಹತ್ತಿ ಮತ್ತು ಅಫೀಮು ಆ ಕಾಲದಲ್ಲಿ ಭಾರತದಿಂದ ಚೀನಕ್ಕೆ ಹೋಗುತ್ತಿದ್ದ ಮುಖ್ಯ ಸರಕುಗಳು. ಚಹ, ರೇಷ್ಮೆ ಮೊದಲಾದವು ಅಲ್ಲಿಂದ ಬರುತ್ತಿದ್ದವು. ಕೊಳ್ಳುವವನು ಒಂದು ದೇಶದಲ್ಲಿ, ಮಾರುವವನು ಮತ್ತೊಂದು ದೇಶದಲ್ಲಿ ಇದ್ದು ನಡೆಯುವ ವ್ಯಾಪಾರವೆಂದರೆ ಏನೆಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು. ಅಂಗಡಿಗೆ ಬಂದವನು ಸರಕನ್ನು ಮುಟ್ಟಿ ನೋಡಬಲ್ಲ. ಸಾವಿರಾರು ಮೈಲಿ ದೂರದಲ್ಲಿರುವವನು ಮಾದರಿಯನ್ನು ನಂಬಿ ಹಣ ಕೊಡಬೇಕು. ಮಾದರಿಗೂ ಮೂಟೆಗೂ ವ್ಯತ್ಯಾಸ ಕಂಡರೆ ಆ ನಂಬಿಕೆ ಒಡೆಯುತ್ತದೆ. ಒಡೆದ ನಂಬಿಕೆಯನ್ನು ಮತ್ತೆ ಕೂಡಿಸುವುದು ಸುಲಭವಲ್ಲ.

ಈ ಮಾತಿನ ಸತ್ಯವನ್ನು ಹಿಂದೂದೇಶದ ಹತ್ತಿಯೇ ತೋರಿಸಿಕೊಟ್ಟಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಅಲ್ಲಿಂದ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತುಹೋಯಿತು. ಆಗ ಆ ಗಿರಣಿಗಳ ಕಣ್ಣು ನಮ್ಮ ದೇಶದ ಹತ್ತಿಯ ಮೇಲೆ ಬಿತ್ತು. ಬೆಲೆ ಏರಿತು, ಮುಂಬಯಿಯಲ್ಲಿ ಹಣದ ಹೊಳೆಯೇ ಹರಿಯಿತು. ಆದರೆ ಬೆಲೆಯೊಡನೆ ದುರಾಸೆಯೂ ಏರಿತು. ಅರಳೆಯಲ್ಲಿ ಬೀಜ, ಮಣ್ಣು, ಕಸಕಡ್ಡಿಗಳನ್ನು ಬೆರೆಸಿ ತೂಕ ಹೆಚ್ಚಿಸುವ ಕೆಟ್ಟ ಚಾಳಿ ಬೆಳೆಯಿತು. ನಮ್ಮ ಹತ್ತಿಗೆ ಅಲ್ಲಿನ ಪೇಟೆಯಲ್ಲಿ ಸೂರತ್ ಎಂಬ ಹೆಸರಿತ್ತು. ಆ ಹೆಸರೇ ಕಳಪೆ ಸರಕಿಗೆ ಪರ್ಯಾಯ ಪದವಾಗಿಬಿಟ್ಟಿತು. ಹತ್ತಿಯ ಕಲಬೆರಕೆಯನ್ನು ತಡೆಯಲು 1863ರಲ್ಲಿ ಮುಂಬಯಿ ಸರಕಾರ ಕಾನೂನನ್ನೇ ಮಾಡಬೇಕಾಯಿತು. 1865ರಲ್ಲಿ ಯುದ್ಧ ಮುಗಿದು ಅಮೆರಿಕದ ಹತ್ತಿ ಮತ್ತೆ ಬರತೊಡಗಿದಾಗ ಲ್ಯಾಂಕಷೈರಿನವರು ನಮ್ಮ ಹತ್ತಿಯನ್ನು ಕೈಬಿಡಲು ಹಿಂದೆಮುಂದೆ ನೋಡಲಿಲ್ಲ. ಬೆಲೆ ಕುಸಿಯಿತು. ಮುಂಬಯಿಯ ಎಷ್ಟೋ ವ್ಯಾಪಾರಸಂಸ್ಥೆಗಳು ಮುಳುಗಿದವು. ಟಾಟಾ ಮನೆತನವೂ ಬಲವಾದ ಪೆಟ್ಟು ತಿಂದಿತು.

ಆ ಸಮಯದಲ್ಲಿ ಜಮ್‌ಷೆಡ್‌ಜಿಯವರು ಲಂಡನ್ನಿನಲ್ಲಿದ್ದರು. ಅವರ ಕೈಯಲ್ಲಿದ್ದ ಹುಂಡಿಗಳು ಬೆಲೆಯಿಲ್ಲದ ಕಾಗದಗಳಾಗಿದ್ದವು. ಇಪ್ಪತ್ತಾರು ವರ್ಷದ ತರುಣ ಪರದೇಶದಲ್ಲಿ ಸಾಲಗಾರನಾಗಿ ನಿಂತಿದ್ದನು. ತಲೆಮರೆಸಿಕೊಳ್ಳುವ ದಾರಿ ಅವರಿಗೆ ಒಗ್ಗಲಿಲ್ಲ. ಸಾಲ ಕೊಟ್ಟವರ ಮುಂದೆ ನಿಂತು ಇದ್ದ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಿದ ಸಾಲಿಗರು ವ್ಯವಹಾರವನ್ನು ಇತ್ಯರ್ಥಗೊಳಿಸುವ ಹೊಣೆಯನ್ನು ಅವರಿಗೇ ಒಪ್ಪಿಸಿದರು. ಹಣ ಹೋದರೂ ಹೆಸರು ಉಳಿಯಿತು. ಮುಂದೆ ಅವರು ಕಟ್ಟಿದ ಎಲ್ಲ ಉದ್ಯಮಗಳಿಗೂ ಈ ಉಳಿದ ಹೆಸರೇ ಅಡಿಗಲ್ಲಾಯಿತು.

1868ರಲ್ಲಿ ಜಮ್‌ಷೆಡ್‌ಜಿಯವರು 21,000 ರೂಪಾಯಿಗಳ ಬಂಡವಾಳದಿಂದ ಸ್ವಂತ ವ್ಯಾಪಾರಸಂಸ್ಥೆಯನ್ನು ಆರಂಭಿಸಿದರು. ಮರುವರ್ಷ ಮುಂಬಯಿಯ ಚಿಂಚಪೋಕಳಿಯಲ್ಲಿ ನಷ್ಟದಿಂದ ಮುಚ್ಚಿಹೋಗಿದ್ದ ಒಂದು ಎಣ್ಣೆ ಗಿರಣಿಯನ್ನು ಕೊಂಡು ಅದನ್ನು ಹತ್ತಿಯ ಗಿರಣಿಯಾಗಿ ಮಾರ್ಪಡಿಸಿದರು. ಸುಮಾರು ಎರಡು ವರ್ಷಗಳಲ್ಲಿ ಅದನ್ನು ಲಾಭಕ್ಕೆ ಮಾರಿದರು. ಆ ಬಳಿಕ ಲ್ಯಾಂಕಷೈರಿಗೆ ಹೋಗಿ ಅಲ್ಲಿನ ಗಿರಣಿಗಳ ಕೆಲಸವನ್ನು ಸೂಕ್ಷ್ಮವಾಗಿ ಗಮನಿಸಿದರು. ನಮ್ಮ ಹತ್ತಿಯನ್ನು ಕೊಂಡೊಯ್ದು, ಬಟ್ಟೆಯಾಗಿಸಿ, ನಮಗೇ ಮಾರುವ ಆ ನಾಡಿನ ಬಲ ಎಲ್ಲಿ ಅಡಗಿದೆಯೆಂಬುದನ್ನು ತಿಳಿಯುವುದು ಅವರ ಉದ್ದೇಶವಾಗಿತ್ತು. ಯಂತ್ರ, ಕಸಬುದಾರಿಕೆ, ಶಿಸ್ತು ಈ ಮೂರೂ ಕೂಡಿದ ಕಡೆಯಲ್ಲಿ ಒಂದೇ ಬಗೆಯ ಸರಕು ನಿತ್ಯವೂ ಹೊರಬರುತ್ತದೆ ಎಂಬುದು ಅವರಿಗೆ ಮನವರಿಕೆಯಾಯಿತು.

ಎಲ್ಲರೂ ಮುಂಬಯಿಯಲ್ಲೇ ಗಿರಣಿ ಕಟ್ಟುತ್ತಿದ್ದಾಗ ಜಮ್‌ಷೆಡ್‌ಜಿಯವರು ಹತ್ತಿ ಬೆಳೆಯುವ ಸೀಮೆಯ ನಡುವೆ ಇರುವ ನಾಗಪುರವನ್ನು ಆರಿಸಿಕೊಂಡರು. 1877ರ ಜನವರಿ 1ರಂದು ಅಲ್ಲಿ ಅವರ ಗಿರಣಿ ಕೆಲಸ ಆರಂಭಿಸಿತು. ಅದೇ ದಿನ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸಿದ್ದರಿಂದ ಗಿರಣಿಗೆ ಎಂಪ್ರೆಸ್ ಎಂಬ ಹೆಸರು ಬಂದಿತು. ಆದರೆ ಆರಂಭ ಸುಖಕರವಾಗಿರಲಿಲ್ಲ. ಖರ್ಚನ್ನು ಉಳಿಸಲು ಮೊದಲಲ್ಲಿ ಕೊಂಡ ಯಂತ್ರಗಳು ಉತ್ತಮ ದರ್ಜೆಯವಾಗಿರಲಿಲ್ಲ. ನೂಲಿನ ಪ್ರಮಾಣವೂ ಕಡಿಮೆ, ಗುಣವೂ ಕಡಿಮೆಯಾಯಿತು. ತಪ್ಪು ತಮ್ಮದೆಂದು ಅರಿತ ಜಮ್‌ಷೆಡ್‌ಜಿಯವರು ಆ ಯಂತ್ರಗಳನ್ನು ತೆಗೆಸಿ ಒಳ್ಳೆಯ ಯಂತ್ರಗಳನ್ನು ಹಾಕಿಸಿದರು. ಅಗ್ಗದ ಯಂತ್ರ ಕೊನೆಗೆ ದುಬಾರಿಯಾಗುತ್ತದೆ ಎಂಬುದನ್ನು ಅವರು ಮತ್ತೆ ಮರೆಯಲಿಲ್ಲ.

ಆ ಕಾಲದಲ್ಲಿ ಉಂಗುರದ ಕದಿರು ಎಂಬ ಹೊಸ ಬಗೆಯ ನೂಲುವ ಸಾಧನ ಬಳಕೆಗೆ ಬರುತ್ತಿತ್ತು. ಹಳೆಯ ಪದ್ಧತಿಗೆ ಒಗ್ಗಿಹೋಗಿದ್ದ ಇಂಗ್ಲೆಂಡಿನ ಗಿರಣಿಗಳವರು ಅದನ್ನು ಒಪ್ಪಲು ಅನುಮಾನಿಸುತ್ತಿದ್ದರು. ಜಮ್‌ಷೆಡ್‌ಜಿಯವರು ಯಾರ ಮಾತನ್ನೂ ಸುಮ್ಮನೆ ನಂಬಲಿಲ್ಲ. ಸುಮ್ಮನೆ ತಳ್ಳಿಹಾಕಲೂ ಇಲ್ಲ. ಹೊಸ ಸಾಧನವನ್ನು ತಮ್ಮ ಗಿರಣಿಯಲ್ಲೇ ಪ್ರಯೋಗಕ್ಕೆ ಇಟ್ಟರು. ಅದರ ಗುಣ ಖಚಿತವಾದ ಮೇಲೆ ಹೆಚ್ಚಿನ ಸಂಖ್ಯೆಯಲ್ಲಿ ತರಿಸಿದರು. ಪರೀಕ್ಷಿಸಿ ಒಪ್ಪುವುದು, ಒಪ್ಪಿದ್ದನ್ನು ಪೂರ್ಣವಾಗಿ ಅಳವಡಿಸಿಕೊಳ್ಳುವುದು ಅವರ ಕ್ರಮವಾಗಿತ್ತು.

ಯಂತ್ರವೊಂದರಿಂದಲೇ ಒಳ್ಳೆಯ ನೂಲು ಬರುವುದಿಲ್ಲ. ಗಾಳಿ ಒಣಗಿದಾಗ ಹತ್ತಿಯ ಎಳೆ ಬಿರುಸಾಗಿ ತುಂಡಾಗುತ್ತದೆ. ನಾಗಪುರದ ಬೇಸಗೆ ಬಹಳ ಕಠಿಣವಾದುದು. ಆದ್ದರಿಂದ ಗಿರಣಿಯೊಳಗಿನ ಗಾಳಿಯನ್ನು ತೇವವಾಗಿಡುವ ಸಾಧನಗಳನ್ನು ಅವರು ಹಾಕಿಸಿದರು. ಬೆಂಕಿ ಬಿದ್ದಾಗ ನೀರು ಸಿಂಪಡಿಸುವ ಏರ್ಪಾಡನ್ನೂ ಮಾಡಿಸಿದರು. ಕೆಲಸಗಾರರಿಗಾಗಿ 1886ರಲ್ಲಿ ಪಿಂಚಣಿ ನಿಧಿಯನ್ನೂ 1895ರಲ್ಲಿ ಅಪಘಾತ ಪರಿಹಾರದ ವ್ಯವಸ್ಥೆಯನ್ನೂ ಜಾರಿಗೆ ತಂದರು. ಇಂತಹ ಏರ್ಪಾಡುಗಳನ್ನು ಸರಕಾರ ಕಡ್ಡಾಯ ಮಾಡುವುದಕ್ಕೆ ಎಷ್ಟೋ ಮೊದಲೇ ಅವರು ಮಾಡಿದ್ದರು. ಇದರಲ್ಲಿ ದಯೆಯೊಂದಿಗೆ ವಿವೇಕವೂ ಇತ್ತು. ನೆಮ್ಮದಿಯಿಲ್ಲದ ಕೈ ಒಂದೇ ಸಮನಾದ ನೂಲನ್ನು ತೆಗೆಯಲಾರದು ಎಂಬುದನ್ನು ಅವರು ಬಲ್ಲವರಾಗಿದ್ದರು.

ಹೀಗೆ ಗಳಿಸಿದ ಹೆಸರಿಗೆ 1886ರಲ್ಲಿ ಕಠಿಣ ಪರೀಕ್ಷೆ ಎದುರಾಯಿತು. ಆ ವರ್ಷ ಅವರು ಮುಂಬಯಿಯ ಕುರ್ಲಾದಲ್ಲಿದ್ದ ಧರಮಸಿ ಗಿರಣಿ ಎಂಬ ಹಾಳುಬಿದ್ದ ಕಾರ್ಖಾನೆಯನ್ನು ಕೊಂಡು ಅದಕ್ಕೆ ಸ್ವದೇಶಿ ಗಿರಣಿ ಎಂದು ಹೆಸರಿಟ್ಟರು. ಭಾರತೀಯರ ಹಣದಿಂದ, ಭಾರತೀಯರ ದುಡಿಮೆಯಿಂದ ಉತ್ತಮ ನೂಲು, ಬಟ್ಟೆಗಳನ್ನು ತಯಾರಿಸಬೇಕೆಂಬುದು ಅವರ ಆಸೆ. ಆದರೆ ಯಂತ್ರಗಳು ಹಳೆಯವು. ಗಿರಣಿಯ ಶಿಸ್ತು ಕೆಟ್ಟುಹೋಗಿತ್ತು. ನೂಲು ಕಳಪೆಯಾಯಿತು. ಪೂರ್ವದೇಶಗಳ ಕೊಳ್ಳುಗರಿಂದ ದೂರುಗಳು ಬರತೊಡಗಿದವು. ಟಾಟಾ ಎಂಬ ಹೆಸರನ್ನು ನಂಬಿ ಹಣ ಹೂಡಿದವರು ಕಂಗಾಲಾದರು. ಷೇರಿನ ಬೆಲೆ ಇಳಿಯಿತು. ಇಪ್ಪತ್ತು ವರ್ಷಗಳ ಹಿಂದೆ ಸೂರತ್ ಹತ್ತಿಗೆ ಬಂದ ಅಪಕೀರ್ತಿಯೇ ತಮ್ಮ ನೂಲಿಗೂ ಅಂಟಿಕೊಳ್ಳುವ ದಿನ ಬಂದಂತಾಯಿತು.

ಜಮ್‌ಷೆಡ್‌ಜಿಯವರು ದೂರುಗಳನ್ನು ಅಲ್ಲಗಳೆಯಲಿಲ್ಲ. ಎಂಪ್ರೆಸ್ ಗಿರಣಿಯಲ್ಲಿದ್ದ ತಮ್ಮ ಷೇರುಗಳಲ್ಲಿ ಕೆಲವನ್ನು ಮಾರಿ ಬಂದ ಹಣವನ್ನು ಸ್ವದೇಶಿ ಗಿರಣಿಗೆ ಸುರಿದರು. ನಾಗಪುರದಿಂದ ನುರಿತ ಜನರನ್ನು ಕರೆಸಿಕೊಂಡರು. ಕೆಟ್ಟ ಯಂತ್ರಗಳನ್ನು ಕಿತ್ತುಹಾಕಿಸಿ, ಕೆಲಸದ ಒಂದೊಂದು ಹಂತವನ್ನೂ ತಾವೇ ಪರಿಶೀಲಿಸಿದರು. ವರ್ಷಗಳ ಶ್ರಮದ ಬಳಿಕ ಆ ಗಿರಣಿ ಚೇತರಿಸಿಕೊಂಡಿತು. ಯಾವ ಪೇಟೆಗಳಿಂದ ದೂರು ಬಂದಿತ್ತೋ ಅದೇ ಪೇಟೆಗಳಲ್ಲಿ ಅದರ ನೂಲು ಒಳ್ಳೆಯ ಹೆಸರನ್ನು ಪಡೆಯಿತು. ಸಿದ್ಧವಾದ ನೂಲನ್ನು ಮೂಟೆ ಕಟ್ಟುವಾಗ ನೋಡಿ ಕೆಟ್ಟದ್ದನ್ನು ಬೇರ್ಪಡಿಸಿದರೆ ಸಾಲದು. ಅರಳೆ, ಯಂತ್ರ, ಗಾಳಿ, ಕೈ ಎಲ್ಲವೂ ಸರಿಯಿದ್ದರೆ ಮಾತ್ರ ಕೆಟ್ಟ ನೂಲು ಹುಟ್ಟುವುದೇ ಇಲ್ಲ. ಸ್ವದೇಶಿ ಗಿರಣಿ ಕಲಿಸಿದ ಈ ಪಾಠದಿಂದ ಅವರ ದೃಷ್ಟಿ ಗಿರಣಿಯ ಬಾಗಿಲಿನಿಂದ ಹೊಲದವರೆಗೂ ಹರಿಯಿತು. ಉದ್ದನೆಯ ಎಳೆಯ ಈಜಿಪ್ಟಿನ ಹತ್ತಿಯನ್ನು ನಮ್ಮ ಮಣ್ಣಿನಲ್ಲಿ ಬೆಳೆಯಬಹುದೇ ಎಂದು ಅವರು ಪ್ರಯೋಗ ಮಾಡಿಸಿದರು.

1893ರಲ್ಲಿ ಜಮ್‌ಷೆಡ್‌ಜಿಯವರು ಜಪಾನಿಗೆ ಹೋದರು. ಅಲ್ಲಿಂದ ಅಮೆರಿಕ ಖಂಡದ ಕಡೆಗೆ ಹೊರಟ ಹಡಗಿನಲ್ಲಿ ಚಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಹೋಗುತ್ತಿದ್ದ ಸ್ವಾಮಿ ವಿವೇಕಾನಂದರು ಅವರಿಗೆ ಜೊತೆಯಾದರು. ಆ ಪ್ರವಾಸದಲ್ಲಿ ಜಪಾನಿನ ರೇಷ್ಮೆಯ ಉದ್ಯಮ ಅವರ ಮನಸ್ಸನ್ನು ಸೆಳೆಯಿತು. ಸಣ್ಣ ಹಿಡುವಳಿಯ ರೈತರು ಮನೆಮನೆಯಲ್ಲಿ ಹುಳು ಸಾಕುತ್ತಿದ್ದರೂ ಆ ದೇಶದ ರೇಷ್ಮೆ ಯೂರೋಪು, ಅಮೆರಿಕಗಳ ಪೇಟೆಗಳಲ್ಲಿ ಮನ್ನಣೆ ಪಡೆದಿತ್ತು. ನಮ್ಮ ಮೈಸೂರು ಸಂಸ್ಥಾನದಲ್ಲೂ ರೈತರು ಹಾಗೆಯೇ ಹುಳು ಸಾಕುತ್ತಿದ್ದರು. ಆದರೆ ಇಲ್ಲಿನ ರೇಷ್ಮೆಗೆ ಆ ಮನ್ನಣೆ ಏಕೆ ಇರಲಿಲ್ಲ?

ಮೈಸೂರು ಸೀಮೆಯಲ್ಲಿ ರೇಷ್ಮೆಯ ಕೃಷಿ ಟಿಪ್ಪು ಸುಲ್ತಾನನ ಕಾಲದಿಂದ ಬೇರೂರಿತ್ತು. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಳುಗಳಿಗೆ ತಗುಲಿದ ರೋಗಗಳು ಈ ಕಸುಬನ್ನು ಹಣ್ಣುಮಾಡಿದ್ದವು. ನಾಲ್ಕು ವಾರ ಹಗಲಿರುಳು ಸೊಪ್ಪು ಹಾಕಿ ಸಾಕಿದ ಹುಳುಗಳು ಗೂಡು ಕಟ್ಟುವ ಹೊತ್ತಿಗೆ ಸತ್ತುಹೋದರೆ ರೈತನ ಪಾಡೇನು? ರೋಗದಿಂದ ಉಳಿದ ಗೂಡುಗಳನ್ನು ಹಳೆಯ ಚರಕಗಳಲ್ಲಿ ಬಿಚ್ಚಿ ತೆಗೆದ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಗಂಟುಗಳೂ ಹೆಚ್ಚು. ಕೈಮಗ್ಗದವನು ಅದನ್ನು ಹೇಗೋ ಸಂಭಾಳಿಸಬಲ್ಲ. ವೇಗವಾಗಿ ಓಡುವ ಯಂತ್ರದ ಮಗ್ಗಕ್ಕೆ ಅದು ಒಗ್ಗುವುದಿಲ್ಲ. ಎಳೆ ತುಂಡಾದಾಗಲೆಲ್ಲ ಮಗ್ಗ ನಿಲ್ಲುತ್ತದೆ. ಹೀಗಾಗಿ ದೂರದ ಕೊಳ್ಳುಗನಿಗೆ ಅಂತಹ ನೂಲು ಬೇಡವಾಗುತ್ತದೆ.

ಮೈಸೂರು ನಾಡಿನ ಹವೆ ರೇಷ್ಮೆಗೆ ಅನುಕೂಲವಾದುದೆಂದು ಕಂಡ ಜಮ್‌ಷೆಡ್‌ಜಿಯವರು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದ ನೆರವಿನಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ ರೇಷ್ಮೆಯ ಕ್ಷೇತ್ರವೊಂದನ್ನು ಸ್ಥಾಪಿಸಿದರು. ಬಸವನಗುಡಿ ಆಗಿನ್ನೂ ರೂಪುಗೊಳ್ಳುತ್ತಿದ್ದ ಬಡಾವಣೆ. 1898ರಲ್ಲಿ ನಗರಕ್ಕೆ ಪ್ಲೇಗು ತಗುಲಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆ ಚುರುಕಾಯಿತು. ಅದರಾಚೆಗೆ ಬಯಲು, ತೋಪು, ಹೊಲಗಳಿದ್ದವು. ಅಲ್ಲಿ ಹಿಪ್ಪುನೇರಳೆಯ ತೋಟ ಎದ್ದಿತು; ಹುಳು ಸಾಕುವ ಮನೆಗಳೂ ನೂಲು ತೆಗೆಯುವ ಸಣ್ಣ ಘಟಕವೂ ಬಂದವು. ಕೆಲಸವನ್ನು ಕಲಿಸಲು ಜಪಾನಿನಿಂದಲೇ ಪರಿಣತರನ್ನು ಕರೆಸಲಾಯಿತು.

ಆ ಕ್ಷೇತ್ರದಲ್ಲಿ ನಡೆಯುತ್ತಿದ್ದ ಕೆಲಸ ನೋಡುವವರಿಗೆ ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ರೇಷ್ಮೆಯ ಗುಣವನ್ನು ಅಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಿದ್ದರು. ಪೆಬ್ರಿನ್ ಎಂಬುದು ರೇಷ್ಮೆಹುಳುವಿನ ಭಯಂಕರ ರೋಗ. ತಾಯಿಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಹುಳುವಿಗೆ ಅದು ಇಳಿದುಬರುತ್ತದೆ. ರೋಗವಿರುವ ಮೊಟ್ಟೆಗೂ ಇಲ್ಲದ ಮೊಟ್ಟೆಗೂ ಬರಿಗಣ್ಣಿಗೆ ಭೇದ ಕಾಣುವುದಿಲ್ಲ. 1865ರಿಂದ ಕೆಲವು ವರ್ಷಗಳ ಕಾಲ ಫ್ರಾನ್ಸಿನಲ್ಲಿ ಈ ರೋಗವನ್ನು ಅಭ್ಯಾಸಮಾಡಿದ ವಿಜ್ಞಾನಿ ಲೂಯಿ ಪಾಸ್ಚರ್ ಅದಕ್ಕೆ ಒಂದು ಸರಳವಾದ ಉಪಾಯವನ್ನು ಕಂಡುಹಿಡಿದಿದ್ದರು. ಒಂದೊಂದು ತಾಯಿಚಿಟ್ಟೆಯೂ ಬೇರೆ ಬೇರೆಯಾಗಿ ಮೊಟ್ಟೆಯಿಡುವಂತೆ ಮಾಡಬೇಕು. ಮೊಟ್ಟೆಯಿಟ್ಟ ಮೇಲೆ ಆ ಚಿಟ್ಟೆಯನ್ನು ಸ್ವಲ್ಪ ನೀರಿನಲ್ಲಿ ಅರೆದು, ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗಾಣು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡಬೇಕು. ಕಾಣದಿದ್ದರೆ ಮಾತ್ರ ರೈತನಿಗೆ ಕೊಡಬೇಕು. ಈ ವಿಧಾನವನ್ನು ಬೆಂಗಳೂರಿನ ಆ ಕ್ಷೇತ್ರದಲ್ಲಿ ಬಳಕೆಗೆ ತಂದರು.

ಇದರ ಹಿಂದಿರುವ ವಿಚಾರವನ್ನು ನಾವು ಗಮನಿಸಬೇಕು. ರೇಷ್ಮೆ ಸೀರೆ ಪೇಟೆಗೆ ಬರುವುದು ಎಷ್ಟೋ ಕೈಗಳನ್ನು ದಾಟಿದ ಮೇಲೆ. ಮೊಟ್ಟೆ ತಯಾರಿಸುವವನು, ಹುಳು ಸಾಕುವವನು, ನೂಲು ಬಿಚ್ಚುವವನು, ಹುರಿಮಾಡುವವನು, ಬಣ್ಣ ಹಾಕುವವನು, ನೇಯುವವನು, ಮಾರುವವನು ಹೀಗೆ ಅದೊಂದು ಸರಪಣಿ. ಇವರಲ್ಲಿ ಪ್ರತಿಯೊಬ್ಬನೂ ಹಿಂದಿನವನಿಗೆ ಕೊಳ್ಳುಗ, ಮುಂದಿನವನಿಗೆ ಮಾರುಗ. ಮೊದಲ ಕೈ ತಪ್ಪಿದರೆ ಕೊನೆಯ ಕೈ ಎಷ್ಟು ಜಾಣತನ ತೋರಿದರೂ ಆ ತಪ್ಪು ತಿದ್ದುವುದಿಲ್ಲ. ಸಾಸಿವೆಗಿಂತ ಚಿಕ್ಕದಾದ ಮೊಟ್ಟೆಯಲ್ಲಿ ಅಡಗಿದ ದೋಷ ಒಂದು ಸಂಸಾರದ ಒಂದು ಬೆಳೆಯನ್ನೇ ನುಂಗಬಲ್ಲದು.

ನೂಲು ತೆಗೆಯುವುದರಲ್ಲೂ ಅಷ್ಟೇ ಎಚ್ಚರ ಬೇಕು. ಒಂದು ಗೂಡಿನಲ್ಲಿ ನೂರಾರು ಮೀಟರು ಉದ್ದದ ಒಂದೇ ಎಳೆ ಸುತ್ತಿಕೊಂಡಿರುತ್ತದೆ. ಗೂಡುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲನ್ನು ತೆಗೆಯುತ್ತಾರೆ. ಗೂಡಿನ ಎಳೆ ಒಳಗೆ ಹೋದಂತೆ ತೆಳುವಾಗುತ್ತದೆ. ಒಂದು ಗೂಡು ಮುಗಿದೊಡನೆ ಮತ್ತೊಂದನ್ನು ಸೇರಿಸಬೇಕು. ಕ್ಷಣಕಾಲ ಮೈಮರೆತರೂ ಆ ಭಾಗದಲ್ಲಿ ನೂಲು ಬಡವಾಗುತ್ತದೆ. ಆದ್ದರಿಂದಲೇ ರೇಷ್ಮೆಯ ನೂಲನ್ನು ಅಳೆಯಲು ಡೆನಿಯರ್ ಎಂಬ ಮಾನವಿದೆ. 9,000 ಮೀಟರು ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್ ಎಂದು ಲೆಕ್ಕ. ಲಡಿಯ ಬೇರೆ ಬೇರೆ ಭಾಗಗಳಿಂದ ಮಾದರಿ ತೆಗೆದು ತೂಗಿದಾಗ ಈ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಅದು ಉತ್ತಮ ನೂಲು.

ರೇಷ್ಮೆಯ ವ್ಯಾಪಾರದಲ್ಲಿ ಇನ್ನೊಂದು ತೊಡಕೂ ಇದೆ. ರೇಷ್ಮೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಸಾಕಷ್ಟು ನೀರನ್ನು ಹೀರಿಕೊಂಡರೂ ಅದು ಕೈಗೆ ಒದ್ದೆಯೆನಿಸುವುದಿಲ್ಲ. ತೂಕದ ಮೇಲೆ ಮಾರುವ ಬೆಲೆಬಾಳುವ ವಸ್ತುವಿನಲ್ಲಿ ಇದು ಮೋಸಕ್ಕೆ ಎಡೆಗೊಡುತ್ತದೆ. ಅದನ್ನು ತಡೆಯಲೆಂದೇ ಲಿಯೋನ್, ಮಿಲಾನ್ ಮೊದಲಾದ ಯೂರೋಪಿನ ರೇಷ್ಮೆಯ ನಗರಗಳಲ್ಲಿ ಪರೀಕ್ಷಾಗೃಹಗಳು ಹುಟ್ಟಿಕೊಂಡವು. ಅಲ್ಲಿ ಮಾದರಿಯನ್ನು ಪೂರ್ತಿ ಒಣಗಿಸಿ ತೂಗುತ್ತಾರೆ. ಆ ಒಣತೂಕಕ್ಕೆ ನೂರಕ್ಕೆ 11ರಂತೆ ತೇವದ ಪಾಲನ್ನು ಸೇರಿಸಿ ನ್ಯಾಯವಾದ ತೂಕವನ್ನು ನಿಗದಿಮಾಡುತ್ತಾರೆ. ಆಗ ಮಾರುವವನಿಗೂ ನಷ್ಟವಿಲ್ಲ, ಕೊಳ್ಳುವವನಿಗೂ ವಂಚನೆಯಿಲ್ಲ. ಅಳತೆ ಖಚಿತವಾದರೆ ಜಗಳಕ್ಕೆ ಅವಕಾಶವೇ ಇರುವುದಿಲ್ಲ.

ಬಸವನಗುಡಿಯ ಕ್ಷೇತ್ರದಿಂದ ಜಮ್‌ಷೆಡ್‌ಜಿಯವರು ಸ್ವಂತಕ್ಕೆ ದೊಡ್ಡ ಲಾಭವನ್ನು ಬಯಸಿರಲಿಲ್ಲ. ಅದು ಕಲಿಕೆಯ ಸ್ಥಳವಾಗಿತ್ತು. ರೋಗವಿಲ್ಲದ ಮೊಟ್ಟೆಯನ್ನು ತಯಾರಿಸುವುದು, ಹುಳುವನ್ನು ಶುಚಿಯಾಗಿ ಸಾಕುವುದು, ನೂಲನ್ನು ಸಮನಾಗಿ ತೆಗೆಯುವುದು ಇವುಗಳನ್ನು ಅಲ್ಲಿಗೆ ಬಂದವರು ಕಲಿತುಹೋದರು. ಮುಂದೆ 1910ರಲ್ಲಿ ಆ ಕ್ಷೇತ್ರದ ಆಡಳಿತ ಸಾಲ್ವೇಶನ್ ಆರ್ಮಿ ಎಂಬ ಸಂಸ್ಥೆಗೆ ಹೋಯಿತು. ಮೈಸೂರು ಸರಕಾರವೂ ರೇಷ್ಮೆಯ ಸುಧಾರಣೆಯನ್ನು ಕೈಗೆತ್ತಿಕೊಂಡಿತು. ತೋಟ ಮರೆಯಾದರೂ ಅಲ್ಲಿ ತೋರಿಸಿದ ದಾರಿ ಮರೆಯಾಗಲಿಲ್ಲ.

ಇದೇ ಬಗೆಯ ಎಚ್ಚರವನ್ನು ಉಕ್ಕಿನ ವಿಷಯದಲ್ಲೂ ನಾವು ಕಾಣುತ್ತೇವೆ. ಭಾರತದಲ್ಲಿ ಉಕ್ಕಿನ ಕಾರ್ಖಾನೆಯನ್ನು ಕಟ್ಟಬೇಕೆಂಬುದು ಜಮ್‌ಷೆಡ್‌ಜಿಯವರ ದೊಡ್ಡ ಕನಸು. ಚಾಂದಾ ಸೀಮೆಯ ಅದಿರಿನ ವಿಷಯ ತಿಳಿದಾಗ ಅವರು ಆತುರಪಟ್ಟು ಹಣ ಸುರಿಯಲಿಲ್ಲ. ಅದಿರನ್ನೂ ಸಮೀಪದ ವರೋರಾದ ಕಲ್ಲಿದ್ದಲನ್ನೂ ಜರ್ಮನಿಯಲ್ಲಿ ಪರೀಕ್ಷೆ ಮಾಡಿಸಿದರು. ಆ ಕಲ್ಲಿದ್ದಲು ಉಕ್ಕಿನ ಕೆಲಸಕ್ಕೆ ಒದಗದೆಂದು ತಿಳಿದಾಗ ಯೋಜನೆಯನ್ನು ತಡೆಹಿಡಿದರು. ಆದರೆ ಕನಸನ್ನು ಬಿಡಲಿಲ್ಲ. ಮುಂದೆ ಅಮೆರಿಕಕ್ಕೆ ಹೋಗಿ ಚಾರ್ಲ್ಸ್ ಪೇಜ್ ಪೆರಿನ್ ಎಂಬ ಎಂಜಿನಿಯರರ ನೆರವನ್ನು ಪಡೆದರು. ಅವರ ಮರಣಾನಂತರ 1907ರಲ್ಲಿ ಸ್ಥಾಪಿತವಾದ ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪನಿಯಿಂದ ವರ್ಷಕ್ಕೆ 20,000 ಟನ್ ರೈಲುಕಂಬಿಗಳನ್ನು ಹತ್ತು ವರ್ಷಗಳ ಕಾಲ ಕೊಳ್ಳಲು ಸರಕಾರ ಒಪ್ಪಿತು. ಅದಕ್ಕೊಂದು ಕರಾರಿತ್ತು: ಕಂಬಿಗಳು ಗೊತ್ತುಪಡಿಸಿದ ಗುಣಮಟ್ಟವನ್ನು ಮುಟ್ಟಬೇಕು. ರೈಲುಕಂಬಿಯಲ್ಲಿ ಬಿರುಕಿದ್ದರೆ ಹೋಗುವುದು ಹಣವಷ್ಟೇ ಅಲ್ಲ, ಜನರ ಪ್ರಾಣ. 1912ರಲ್ಲಿ ಸಾಕ್ಚಿಯ ಕಾರ್ಖಾನೆಯಿಂದ ಉಕ್ಕು ಹೊರಬಂದಿತು. ಭಾರತೀಯರಿಂದ ರೈಲುಕಂಬಿಗೆ ತಕ್ಕ ಉಕ್ಕು ಆಗದೆಂದು ಸಂಶಯಪಟ್ಟವರಿಗೆ ಆ ಕಂಬಿಗಳೇ ಉತ್ತರ ಕೊಟ್ಟವು.

ಪರೀಕ್ಷಿಸಲು ಸಾಧನ ಬೇಕು. ಸಾಧನವನ್ನು ಬಳಸಲು ತಿಳಿದವರು ಬೇಕು. ಎಷ್ಟು ಕಾಲ ಜರ್ಮನಿ, ಜಪಾನ್, ಇಂಗ್ಲೆಂಡುಗಳ ಕಡೆಗೆ ಕೈಚಾಚುತ್ತಿರುವುದು? ಈ ಚಿಂತನೆಯೇ ಉನ್ನತ ವಿಜ್ಞಾನದ ಶಿಕ್ಷಣಸಂಸ್ಥೆಯ ಯೋಜನೆಯಾಗಿ ಬೆಳೆಯಿತು. ಅದಕ್ಕಾಗಿ ಜಮ್‌ಷೆಡ್‌ಜಿಯವರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಮುಡಿಪಾಗಿಟ್ಟರು. 1898ರಲ್ಲಿ ಸ್ವಾಮಿ ವಿವೇಕಾನಂದರಿಗೆ ಪತ್ರ ಬರೆದು ಅವರ ಬೆಂಬಲವನ್ನೂ ಕೋರಿದರು. ಸ್ಥಳವನ್ನು ಸೂಚಿಸಲು ಬಂದ ಪ್ರಸಿದ್ಧ ರಸಾಯನವಿಜ್ಞಾನಿ ವಿಲಿಯಂ ರ್‍ಯಾಮ್ಸೆ ಬೆಂಗಳೂರನ್ನು ಮೆಚ್ಚಿದರು. ಮೈಸೂರು ಸಂಸ್ಥಾನ 371 ಎಕರೆ ಭೂಮಿಯನ್ನು ಉದಾರವಾಗಿ ಕೊಟ್ಟಿತು. ಆದರೆ ಸರಕಾರದ ಅನುಮತಿ ವರ್ಷಗಟ್ಟಲೆ ಎಳೆದಾಡಿತು.

ಆ ದಿನವನ್ನು ಕಾಣುವ ಭಾಗ್ಯ ಜಮ್‌ಷೆಡ್‌ಜಿಯವರಿಗೆ ಇರಲಿಲ್ಲ. ಆರೋಗ್ಯ ಕೆಟ್ಟು ಚಿಕಿತ್ಸೆಗೆಂದು ಜರ್ಮನಿಗೆ ಹೋಗಿದ್ದ ಅವರು 1904ರ ಮೇ 19ರಂದು ಬಾದ್ ನೌಹೈಮ್ ಎಂಬ ಊರಿನಲ್ಲಿ ನಿಧನರಾದರು. ಆಗ ಅವರ ಉಕ್ಕಿನ ಕಾರ್ಖಾನೆ ಇರಲಿಲ್ಲ. ವಿಜ್ಞಾನ ಸಂಸ್ಥೆಯೂ ಇರಲಿಲ್ಲ. ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿಯವರು ತಂದೆಯ ಸಂಕಲ್ಪವನ್ನು ಕೈಬಿಡಲಿಲ್ಲ. 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. 1911ರಲ್ಲಿ ಪಾಠಪ್ರವಚನಗಳು ಆರಂಭವಾದವು.

ಆ ಸಂಸ್ಥೆಯ ಉಪಯುಕ್ತತೆ ಬೇಗನೆ ನಮ್ಮ ನಾಡಿಗೆ ವೇದ್ಯವಾಯಿತು. ಮೈಸೂರಿನ ಶ್ರೀಗಂಧದ ಮರ ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಆ ಮಾರಾಟ ನಿಂತುಹೋಯಿತು. ಆಗ ಸಂಸ್ಥೆಯ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವ್ಯಾಟ್ಸನ್ ಅವರು ಎಣ್ಣೆಯನ್ನು ಬಟ್ಟಿಯಿಳಿಸುವ ಕ್ರಮವನ್ನು ಇಲ್ಲೇ ಸಿದ್ಧಪಡಿಸಿದರು. 1916ರಿಂದ ಸಂಸ್ಥಾನದಲ್ಲಿ ಶ್ರೀಗಂಧದೆಣ್ಣೆಯ ಉದ್ಯಮ ನೆಲೆಗೊಂಡಿತು; ಅದರ ಬೆನ್ನಿಗೆ ಬೆಂಗಳೂರಿನಲ್ಲಿ ಸರಕಾರಿ ಸಾಬೂನು ಕಾರ್ಖಾನೆಯೂ ಹುಟ್ಟಿತು. ಎಣ್ಣೆಯ ಶುದ್ಧತೆಯನ್ನು ಮೂಗಿನಿಂದ ಅಳೆದರೆ ಸಾಲದು; ಅದರಲ್ಲಿರುವ ಸ್ಯಾಂಟಲಾಲ್ ಅಂಶ, ಸಾಂದ್ರತೆ ಇವುಗಳನ್ನು ಪ್ರಯೋಗಶಾಲೆಯಲ್ಲಿ ಗೊತ್ತುಮಾಡಬೇಕು. ಅಂತಹ ಪರೀಕ್ಷೆಗೆ ಬೇಕಾದ ವಿದ್ಯೆ ಮಲ್ಲೇಶ್ವರದ ಮಗ್ಗುಲಲ್ಲೇ ದೊರೆಯುವಂತಾಗಿತ್ತು.

ರೇಷ್ಮೆಯ ಕಥೆಯೂ ಮುಂದುವರಿಯಿತು. 1949ರಲ್ಲಿ ಆರಂಭವಾದ ಕೇಂದ್ರ ರೇಷ್ಮೆ ಮಂಡಲಿಯ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ. ನಮ್ಮ ರಾಜ್ಯದಲ್ಲಿ 1959ರ ಕಾನೂನು ಬಿತ್ತನೆ ಮೊಟ್ಟೆ, ಗೂಡು, ನೂಲು ಇವುಗಳ ಉತ್ಪಾದನೆ ಮತ್ತು ಮಾರಾಟಕ್ಕೆ ಕಟ್ಟುಪಾಡುಗಳನ್ನು ತಂದಿತು. ಸರಕಾರಿ ಗೂಡಿನ ಮಾರುಕಟ್ಟೆಗಳಲ್ಲಿ ಎಲ್ಲರೆದುರಿಗೆ ಹರಾಜು ನಡೆಯುತ್ತದೆ. ಅಪ್ಪಟ ರೇಷ್ಮೆಯ ಬಟ್ಟೆಯನ್ನು ಗುರುತಿಸಲು 2004ರಿಂದ ಸಿಲ್ಕ್ ಮಾರ್ಕ್ ಎಂಬ ಮುದ್ರೆ ಬಂದಿದೆ. ಬಿತ್ತನೆಯ ಮೊಟ್ಟೆಯನ್ನು ತಯಾರಿಸುವ ಕೇಂದ್ರಗಳಲ್ಲಿ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪದ್ಧತಿ ಇಂದಿಗೂ ನಡೆದುಬಂದಿದೆ.

ಜಮ್‌ಷೆಡ್‌ಜಿಯವರ ಬಾಳನ್ನು ಐಶ್ವರ್ಯದ ಕಥೆಯೆಂದು ಓದುವವರಿದ್ದಾರೆ. ಆದರೆ ಅದರಲ್ಲಿ ಸೋಲುಗಳೂ ಇವೆ. ಕಳಪೆ ಯಂತ್ರವನ್ನು ಕೊಂಡ ತಪ್ಪೂ ಇದೆ, ದೂರು ಬಂದ ನೂಲೂ ಇದೆ. ತಪ್ಪನ್ನು ಮರೆಮಾಚದೆ ಅದರ ಮೂಲವನ್ನು ಹುಡುಕಿ ಹೋದುದರಲ್ಲಿ ಅವರ ದೊಡ್ಡತನವಿದೆ. ಕೊಳ್ಳುವವನು ಕಾಣದಷ್ಟು ದೂರದಲ್ಲಿದ್ದರೂ ಅವನು ಎದುರಿಗೇ ಕುಳಿತಿದ್ದಾನೆ ಎಂದು ಭಾವಿಸಿ ದುಡಿಯುವವನ ಕೈಯಿಂದ ಕೆಟ್ಟ ಸರಕು ಹೊರಡುವುದಿಲ್ಲ. ಕೃಷ್ಣರಾಜೇಂದ್ರ ರಸ್ತೆಯ ಆ ಬಡಾವಣೆಯ ಹೆಸರನ್ನು ಓದಿದಾಗ ನಮಗೆ ಒಂದು ಚಿತ್ರ ನೆನಪಾಗಬೇಕು: ಮೇಜಿನ ಮೇಲೊಂದು ಸೂಕ್ಷ್ಮದರ್ಶಕ, ಗಾಜಿನ ಮೇಲೊಂದು ನೀರಿನ ತೊಟ್ಟು, ಅದನ್ನು ತಾಳ್ಮೆಯಿಂದ ನೋಡುತ್ತಿರುವ ಒಂದು ಕಣ್ಣು. ಯಾವುದೋ ಹಳ್ಳಿಯ ರೈತನ ಬೆಳೆಯೂ, ಯಾವುದೋ ನಾಡಿನ ಕೊಳ್ಳುಗನ ನಂಬಿಕೆಯೂ ಆ ಒಂದು ತೊಟ್ಟನ್ನು ಅವಲಂಬಿಸಿದ್ದವು.